ಹಳೆಯ ಕಂಪ್ಯೂಟರಿಗೆ ಹೊಸ ಮೆಮೊರಿ



ಮನೆಯ ಕಂಪ್ಯೂಟರಿಗೆ ಎಂಟು ಹತ್ತು ವರ್ಷ ತುಂಬುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ತುಂಬಾ ನಿಧಾನವಾಗಿದೆ, ಕೊಟ್ಟುಬಿಡೋಣ.’ ಕೊಡಲು ಹೋದರೆ ಗುಜರಿಯವನು ಹೇಳುವ ಬೆಲೆ ಕೇಳಿ ಮನಸ್ಸು ಹಿಂಜರಿಯುತ್ತದೆ. ಹೊಸದನ್ನು ಕೊಳ್ಳಲು ಹೋದರೆ ಅಲ್ಲಿಯ ಬೆಲೆ ಕೇಳಿ ಮತ್ತೊಮ್ಮೆ ಹಿಂಜರಿಯುತ್ತದೆ. ಇವೆರಡರ ನಡುವೆ ಇನ್ನೊಂದು ದಾರಿಯುಂಟು. ಇರುವ ಯಂತ್ರಕ್ಕೇ ಇನ್ನಷ್ಟು ಮೆಮೊರಿ ಹಾಕಿಸಿ ಮೂರು ನಾಲ್ಕು ವರ್ಷ ದುಡಿಸಿಕೊಳ್ಳುವುದು. ಕೆಲಸ ಕಷ್ಟದ್ದಲ್ಲ, ಒಂದು ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು. ಕಷ್ಟವಿರುವುದು ಸರಿಯಾದ ಮೆಮೊರಿಯನ್ನು ಆರಿಸುವುದರಲ್ಲಿ. ತಪ್ಪಾಗಿ ತಂದ ಮೆಮೊರಿ ಒಂದೋ ಜಾಗದಲ್ಲಿ ಕೂರುವುದೇ ಇಲ್ಲ, ಅಥವಾ ಕೂತರೂ ಕೆಲಸ ಮಾಡುವುದಿಲ್ಲ. ಆ ಆಯ್ಕೆಯ ಬಗ್ಗೆಯೇ ಇಂದಿನ ಮಾತು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ‘ನಮ್ಮ ಕಂಪ್ಯೂಟರಿನಲ್ಲಿ ಮೆಮೊರಿ ತುಂಬಿಹೋಗಿದೆ’ ಎನ್ನುವವರಲ್ಲಿ ಅನೇಕರ ಮನಸ್ಸಿನಲ್ಲಿರುವುದು ಹಾರ್ಡ್ ಡಿಸ್ಕ್. ಫೋಟೋ, ಸಿನಿಮಾ, ಪತ್ರಗಳು ಉಳಿಯುವ ಜಾಗ ಅದು. ನಾವು ಹೇಳುತ್ತಿರುವ ಮೆಮೊರಿ ಅದಲ್ಲ. ರ‍್ಯಾಮ್ ಎಂದು ಕರೆಯುವ ತಾತ್ಕಾಲಿಕ ನೆನಪಿನ ಕೋಶ. ಮದುವೆಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಅಕ್ಕಿ, ಬೇಳೆ, ತೆಂಗಿನಕಾಯಿ ಎಲ್ಲ ಉಗ್ರಾಣದಲ್ಲಿರುತ್ತದೆ. ಅಡುಗೆಯವರು ಆ ಹೊತ್ತಿಗೆ ಬೇಕಾದುದನ್ನು ಮಾತ್ರ ತಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಹಾರ್ಡ್ ಡಿಸ್ಕ್ ಉಗ್ರಾಣ, ರ‍್ಯಾಮ್ ಆ ಕಟ್ಟೆ. ಕಟ್ಟೆ ಚಿಕ್ಕದಾದರೆ ಒಂದು ಸಾಮಾನು ತರಲು ಇನ್ನೊಂದನ್ನು ಉಗ್ರಾಣಕ್ಕೆ ಒಯ್ದಿಡಬೇಕು. ಅಡುಗೆಯವರ ಕೈ ಎಷ್ಟೇ ಚುರುಕಾಗಿದ್ದರೂ ಓಡಾಟದಲ್ಲೇ ಹೊತ್ತು ಹೋಗುತ್ತದೆ. ನಿಮ್ಮ ಕಂಪ್ಯೂಟರಿನ ಕೆಂಪು ದೀಪ ಒಂದೇ ಸಮನೆ ಮಿನುಗುತ್ತ, ಇಲಿಬಾಣ ಅಲುಗದೆ ನಿಂತಿರುವಾಗ ಒಳಗೆ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ಓಡಾಟ.

ಆದರೆ ನಿಧಾನಕ್ಕೆಲ್ಲ ರ‍್ಯಾಮೇ ಕಾರಣವೆಂದು ತಿಳಿಯಬಾರದು. ಹಣ ಬಿಚ್ಚುವ ಮೊದಲು ಪರೀಕ್ಷಿಸಿ. ನೀವು ದಿನವೂ ಮಾಡುವ ಕೆಲಸಗಳನ್ನೆಲ್ಲ ತೆರೆದಿಟ್ಟುಕೊಂಡು, ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಮೆಮೊರಿಯನ್ನು ನೋಡಿ. ಇರುವುದರಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಬಳಕೆಯಾಗುತ್ತಿದ್ದು, ಅದೇ ಹೊತ್ತಿಗೆ ಡಿಸ್ಕ್ ಕೂಡ ನೂರನ್ನು ಮುಟ್ಟುತ್ತಿದ್ದರೆ ಕಟ್ಟೆ ಚಿಕ್ಕದಾಗಿದೆ ಎಂದೇ ಅರ್ಥ. ಮೆಮೊರಿ ಅರ್ಧದಷ್ಟೇ ಬಳಕೆಯಾಗಿದ್ದು ಡಿಸ್ಕ್ ಮಾತ್ರ ಏದುಸಿರು ಬಿಡುತ್ತಿದ್ದರೆ, ರ‍್ಯಾಮ್ ಹಾಕಿಸಿ ಪ್ರಯೋಜನವಿಲ್ಲ. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸುವುದೇ ಅಲ್ಲಿ ಮದ್ದು. ಈಗಾಗಲೇ 8 ಜಿಬಿ ಇರುವ ಯಂತ್ರದಲ್ಲಿ ಪತ್ರ ಬರೆಯುವುದು, ಲೆಕ್ಕಪತ್ರ, ಅಂತರಜಾಲದಲ್ಲಿ ಸುದ್ದಿ ಓದುವುದು ಇಷ್ಟೇ ಕೆಲಸವಾಗಿದ್ದರೆ ಮೊದಲು ಎಸ್‌ಎಸ್‌ಡಿಯನ್ನೇ ನೋಡಿ ಎಂದು ನಾನು ಹೇಳುತ್ತೇನೆ. 2 ಜಿಬಿ, 4 ಜಿಬಿ ಇರುವವರ ಮಾತು ಬೇರೆ. ನುಡಿಯಲ್ಲಿ ಒಂದು ಅರ್ಜಿ ಬೆರಳಚ್ಚು ಮಾಡಲು ಹೆಚ್ಚು ಮೆಮೊರಿ ಬೇಕಿಲ್ಲ, ನಿಜ. ಆದರೆ ಇಂದಿನ ಬ್ರೌಸರ್‌ನಲ್ಲಿ ಹತ್ತು ಪುಟ ತೆರೆದಿಟ್ಟರೆ ಅಷ್ಟು ಮೆಮೊರಿ ಅಲ್ಲೇ ಮುಗಿದುಹೋಗುತ್ತದೆ.

ಈ ಚಿಪ್ಪಿನ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಎಂಬ ಎಂಜಿನಿಯರ್ 1966ರಲ್ಲಿ ಒಂದು ಸರಳ ಉಪಾಯ ಕಂಡುಹಿಡಿದರು. ಒಂದು ಬಿಟ್ ಮಾಹಿತಿಯನ್ನು ಹಿಡಿದಿಡಲು ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಸಾಕು ಎಂಬುದೇ ಆ ಉಪಾಯ. 1968ರಲ್ಲಿ ಅವರಿಗೆ ಅದರ ಪೇಟೆಂಟ್ ದೊರೆಯಿತು. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ತೊಡಕೇನೆಂದರೆ ಇದು ಸೋರುವ ಮಡಕೆಯಂತೆ. ತುಂಬಿದ ವಿದ್ಯುತ್ತು ತಾನಾಗಿಯೇ ಹರಿದುಹೋಗುತ್ತದೆ. ಆದ್ದರಿಂದ ಪ್ರತಿಯೊಂದು ಕೋಶವನ್ನೂ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಒಂದು ಸೆಕೆಂಡಿನಲ್ಲಿ ಹದಿನೈದಕ್ಕೂ ಹೆಚ್ಚು ಸಲ, ಓದಿ ಮತ್ತೆ ತುಂಬಬೇಕು. ವಿದ್ಯುತ್ ಹೋದೊಡನೆ ಬರೆದದ್ದೆಲ್ಲ ಅಳಿಸಿಹೋಗುವುದು ಇದಕ್ಕೇ. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪಿನಲ್ಲಿ 1,024 ಕೋಶಗಳಿದ್ದವು. ಇಂದು ನೀವು ಅಂಗಡಿಯಿಂದ ತರುವ ಬೆರಳುದ್ದದ 8 ಜಿಬಿ ಪಟ್ಟಿಯಲ್ಲಿ ಸುಮಾರು 6,870 ಕೋಟಿ ಕೋಶಗಳಿವೆ. ಅವುಗಳಲ್ಲಿ ಒಂದು ಕೆಟ್ಟರೂ ಕಂಪ್ಯೂಟರ್ ಎಂದೋ ಒಂದು ದಿನ ಕಾರಣವಿಲ್ಲದೆ ನಿಂತುಹೋಗಬಹುದು. ಕೊಂಡ ಮೇಲೆ ಪರೀಕ್ಷಿಸಿ ಎಂದು ಮುಂದೆ ಹೇಳಲಿರುವುದು ಈ ಕಾರಣಕ್ಕೆ.

ಈಗ ಆಯ್ಕೆಗೆ ಬರೋಣ. ಮೆಮೊರಿಯಲ್ಲಿ ತಲೆಮಾರುಗಳಿವೆ. ಒಂದು ತಲೆಮಾರಿನ ಪಟ್ಟಿ ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ, ಕೂರಿಸಲೂಬಾರದು. 386, 486 ಯಂತ್ರಗಳ ಕಾಲದಲ್ಲಿ 30 ಮತ್ತು 72 ಪಿನ್ನಿನ ಸಿಮ್ ಎಂಬ ಪಟ್ಟಿಗಳಿದ್ದವು. ಕೆಲವು ಯಂತ್ರಗಳಲ್ಲಿ ನಾಲ್ಕು ನಾಲ್ಕು ಒಟ್ಟಿಗೆ ಹಾಕಬೇಕಿತ್ತು. ಬಳಿಕ 168 ಪಿನ್ನಿನ ಎಸ್‌ಡಿರ‍್ಯಾಮ್ ಬಂತು. 2000ದ ಸುಮಾರಿಗೆ ಡಿಡಿಆರ್ ಬಂತು, 2003ರಲ್ಲಿ ಡಿಡಿಆರ್2, 2007ರಲ್ಲಿ ಡಿಡಿಆರ್3, 2012ರಲ್ಲಿ ಡಿಡಿಆರ್4, 2020ರಲ್ಲಿ ಡಿಡಿಆರ್5. ಇವು ಮಾನಕ ಪ್ರಕಟವಾದ ವರ್ಷಗಳು. ಅಂಗಡಿಗೆ ಬರಲು ಒಂದೆರಡು ವರ್ಷ ಹೆಚ್ಚು ಹಿಡಿಯಿತು. ಇಂದು ಮನೆಗಳಲ್ಲಿ ಉಳಿದಿರುವ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಡಿಡಿಆರ್2, ಡಿಡಿಆರ್3 ಅಥವಾ ಮೊದಮೊದಲ ಡಿಡಿಆರ್4 ಆಗಿರುತ್ತವೆ.

ಡೆಸ್ಕ್‌ಟಾಪ್‌ನಲ್ಲಿ ಡಿಡಿಆರ್2ಗೂ ಡಿಡಿಆರ್3ಗೂ 240 ಪಿನ್ನು, ಡಿಡಿಆರ್4ಗೂ ಡಿಡಿಆರ್5ಗೂ 288. ಪಿನ್ನು ಒಂದೇ ಆಗಿರುವುದರಿಂದ ಪಟ್ಟಿಗಳು ಒಂದೇ ಎಂದುಕೊಳ್ಳಬೇಡಿ. ಚಿನ್ನದ ಬಣ್ಣದ ಹಲ್ಲುಗಳ ಸಾಲಿನ ನಡುವೆ ಒಂದು ಕಚ್ಚು ಇದೆಯಲ್ಲ, ಅದು ಪ್ರತಿ ತಲೆಮಾರಿನಲ್ಲೂ ಬೇರೆ ಜಾಗದಲ್ಲಿರುತ್ತದೆ. ಬಲವಂತ ಮಾಡಿದರೆ ಮುರಿಯುವುದು ಪಟ್ಟಿಯಲ್ಲ, ಮದರ್‌ಬೋರ್ಡಿನ ಸ್ಲಾಟು. ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಉದ್ದದ ಪಟ್ಟಿಗಳಿರುತ್ತವೆ. ಡಿಡಿಆರ್3 ಆದರೆ 204 ಪಿನ್ನು, ಡಿಡಿಆರ್4 ಆದರೆ 260. ಇನ್ನು ತೆಳ್ಳನೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಆಪಲ್‌ನ ಮ್ಯಾಕ್‌ಬುಕ್ ಏರ್ ಆರಂಭದಿಂದಲೂ ಹೀಗೆಯೇ. ಅಂಥವುಗಳಲ್ಲಿ ಹೆಚ್ಚಿಸುವ ಮಾತೇ ಇಲ್ಲ.

ಯಂತ್ರ ಬಿಚ್ಚದೆಯೂ ಒಳಗೆ ಏನಿದೆ ಎಂದು ತಿಳಿಯಬಹುದು. ಆಗಲೇ ಹೇಳಿದ ಟಾಸ್ಕ್ ಮ್ಯಾನೇಜರ್‌ನಲ್ಲಿ, ವಿಂಡೋಸ್ 10 ಮತ್ತು ನಂತರದವುಗಳಲ್ಲಿ, ಮೆಮೊರಿಯ ವೇಗವೂ ಎಷ್ಟು ಸ್ಲಾಟುಗಳಲ್ಲಿ ಎಷ್ಟು ತುಂಬಿವೆ ಎಂಬುದೂ ಬರೆದಿರುತ್ತದೆ. ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಇನ್ನೂ ವಿವರವಾಗಿ, ಒಂದೊಂದು ಸ್ಲಾಟಿನಲ್ಲಿ ಯಾವ ಕಂಪನಿಯ ಯಾವ ಪಟ್ಟಿ ಇದೆ ಎಂಬುದನ್ನು ತೋರಿಸುತ್ತದೆ. ಲಿನಕ್ಸ್ ಬಳಸುವವರಿಗೆ ಡಿಎಂಐಡಿಕೋಡ್ ಎಂಬ ಆದೇಶ ಉಂಟು. ಆದರೂ ಪೆಟ್ಟಿಗೆ ತೆರೆದು ಪಟ್ಟಿಯ ಮೇಲಿನ ಚೀಟಿಯನ್ನು ಕಣ್ಣಾರೆ ಓದುವುದು ಎಲ್ಲಕ್ಕಿಂತ ಒಳ್ಳೆಯದು. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡು ಅಂಗಡಿಗೆ ಹೋಗಿ.

ಆ ಚೀಟಿಯಲ್ಲಿ ‘4 ಜಿಬಿ 2ಆರ್‌ಎಕ್ಸ್8 ಪಿಸಿ3-12800’ ಎಂಬಂಥ ಬರಹವಿರುತ್ತದೆ. ನೋಡಲು ಮಂತ್ರದಂತಿದೆ, ಬಿಡಿಸಿದರೆ ಸರಳ. 4 ಜಿಬಿ ಎಂಬುದು ಅಳತೆ. ಪಿಸಿ3 ಎಂದರೆ ಡಿಡಿಆರ್3. 12800 ಎಂದರೆ ಒಂದು ಸೆಕೆಂಡಿನಲ್ಲಿ ಸಾಗಿಸಬಲ್ಲ ಮಾಹಿತಿ, ಮೆಗಾಬೈಟ್ ಲೆಕ್ಕದಲ್ಲಿ. ಇದನ್ನು 8ರಿಂದ ಭಾಗಿಸಿದರೆ 1600 ಬರುತ್ತದೆ. ಅಂಗಡಿಯವರು ‘1600ರ ಡಿಡಿಆರ್3’ ಎನ್ನುವುದು ಇದನ್ನೇ. ಪಟ್ಟಿ ಒಂದು ಸಲಕ್ಕೆ 64 ಬಿಟ್, ಎಂದರೆ 8 ಬೈಟ್ ಕೊಡುತ್ತದೆ, ಅದಕ್ಕಾಗಿ 8. ಪಿಸಿ3-10600 ಎಂದಿದ್ದರೆ 1333. ಪಿಸಿ2-6400 ಎಂದರೆ 800ರ ಡಿಡಿಆರ್2. ಪಿಸಿ4-19200 ಎಂದರೆ 2400ರ ಡಿಡಿಆರ್4. ನಿಮ್ಮ ಬೋರ್ಡ್ 1333ಕ್ಕೆ ಮಾತ್ರ ತಯಾರಾಗಿದ್ದರೆ 1600ರ ಪಟ್ಟಿ ಹಾಕಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಅದು 1333ರಲ್ಲೇ ಓಡುತ್ತದೆ. ಬೇರೆ ಬೇರೆ ವೇಗದ ಎರಡು ಪಟ್ಟಿ ಹಾಕಿದರೂ ಎರಡೂ ನಿಧಾನದ್ದರ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ. ಹೀಗಾಗಿ ಹಳೆಯ ಯಂತ್ರಕ್ಕೆ ಹೆಚ್ಚಿನ ವೇಗಕ್ಕೆಂದು ಹೆಚ್ಚು ಹಣ ಕೊಡುವುದು ದಂಡ. ಬಣ್ಣದ ದೀಪ, ಲೋಹದ ಕವಚ ಇರುವ ಪಟ್ಟಿಗಳಂತೂ ಬೇಡವೇ ಬೇಡ.

ವೇಗದ ಬಗ್ಗೆ ಇಷ್ಟು ಧಾರಾಳವಾಗಿರಬಹುದು, ವೋಲ್ಟೇಜಿನ ಬಗ್ಗೆ ಹಾಗಲ್ಲ. ಡಿಡಿಆರ್3 ಪಟ್ಟಿ 1.5 ವೋಲ್ಟಿನಲ್ಲಿ ನಡೆಯುತ್ತದೆ. ಅದರದೇ ತಮ್ಮನೊಬ್ಬನಿದ್ದಾನೆ, ಡಿಡಿಆರ್3ಎಲ್; ಅವನಿಗೆ 1.35 ವೋಲ್ಟ್ ಸಾಕು. ಚೀಟಿಯಲ್ಲಿ ಪಿಸಿ3ಎಲ್ ಎಂದು ಬರೆದಿರುತ್ತದೆ. ಎರಡರ ಕಚ್ಚೂ ಒಂದೇ ಜಾಗದಲ್ಲಿರುವುದರಿಂದ ಸ್ಲಾಟು ಇಬ್ಬರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಎಲ್ ಇರುವ ಪಟ್ಟಿ 1.5 ವೋಲ್ಟಿನ ಯಂತ್ರದಲ್ಲೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆದರೆ 2013ರ ನಂತರದ ಅನೇಕ ಲ್ಯಾಪ್‌ಟಾಪ್‌ಗಳು, ಮುಖ್ಯವಾಗಿ ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಕಡಿಮೆ ವಿದ್ಯುತ್ತಿನ ಪ್ರೊಸೆಸರ್ ಇರುವಂಥವು, 1.35 ವೋಲ್ಟ್ ಮಾತ್ರ ಕೊಡುತ್ತವೆ. ಅವುಗಳಿಗೆ ಸಾದಾ ಡಿಡಿಆರ್3 ಹಾಕಿದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಲ್ಯಾಪ್‌ಟಾಪಿಗೆ ಡಿಡಿಆರ್3 ಕೊಳ್ಳುವವರು ಕಣ್ಣುಮುಚ್ಚಿಕೊಂಡು ಎಲ್ ಇರುವುದನ್ನೇ ಕೇಳಿ.

ಇನ್ನು ಎಷ್ಟು ಹಾಕಬಹುದು? ಇಲ್ಲಿ ಎರಡು ಬೇಲಿಗಳಿವೆ. ಒಂದು, ಕಾರ್ಯನಿರ್ವಹಣಾ ತಂತ್ರಾಂಶದ್ದು. 32 ಬಿಟ್‌ನ ವಿಂಡೋಸ್ 4 ಜಿಬಿಯವರೆಗೆ ಮಾತ್ರ ಎಣಿಸಬಲ್ಲದು. ಅದರಲ್ಲೂ ಒಂದು ಪಾಲು ಬೋರ್ಡಿನ ಇತರ ಭಾಗಗಳಿಗೆ ಹೋಗಿ ಮೂರು, ಮೂರೂವರೆ ಜಿಬಿ ಕೈಗೆ ಸಿಗುತ್ತದೆ. 64 ಬಿಟ್‌ಗೆ ಬದಲಾಯಿಸದೆ 8 ಜಿಬಿ ಹಾಕಿಸಿದವರು ಅರ್ಧ ಹಣವನ್ನು ಪೆಟ್ಟಿಗೆಯೊಳಗೆ ಮಲಗಿಸಿದಂತೆ. 64 ಬಿಟ್ ಆದರೂ ವಿಂಡೋಸ್ 7ರ ಹೋಮ್ ಬೇಸಿಕ್ ಆವೃತ್ತಿಗೆ 8 ಜಿಬಿಯ ಮಿತಿ ಇತ್ತು. ಇನ್ನೊಂದು ಬೇಲಿ ಮದರ್‌ಬೋರ್ಡಿನ ಚಿಪ್‌ಸೆಟ್‌ನದು. ನಮ್ಮಲ್ಲಿ ಒಂದು ಕಾಲಕ್ಕೆ ಮೂಲೆಮೂಲೆಯ ಸೈಬರ್ ಕೆಫೆಗಳಲ್ಲಿದ್ದ ಇಂಟೆಲ್ ಜಿ31 ಬೋರ್ಡುಗಳು 4 ಜಿಬಿ ದಾಟುವುದಿಲ್ಲ. ಜಿ41 8 ಜಿಬಿಯವರೆಗೆ, ಎಚ್61 16 ಜಿಬಿಯವರೆಗೆ. ಡೆಲ್, ಎಚ್‌ಪಿ, ಲೆನೊವೊ ಮುಂತಾದ ಕಂಪನಿಯ ಯಂತ್ರಗಳಾದರೆ ಮಾದರಿಯ ಹೆಸರು ಹಿಡಿದು ಅವರ ತಾಣದಲ್ಲಿ ಕೈಪಿಡಿ ಹುಡುಕಿದರೆ ಗರಿಷ್ಠ ಮಿತಿ ಸಿಗುತ್ತದೆ.

ಆದರೆ ಗರಿಷ್ಠ ಮಿತಿ ತಿಳಿದರೆ ಸಾಲದು. ಇದನ್ನು ಒಂದು ಉದಾಹರಣೆಯಿಂದ ನೋಡೋಣ, ಏಕೆಂದರೆ ಹಣ ಹಾಳಾಗುವುದು ಬಹುತೇಕ ಇಲ್ಲೇ. ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಯಾರೋ ದಾನ ಕೊಟ್ಟ ಎಂಟು ಕಂಪ್ಯೂಟರುಗಳಿವೆ ಎಂದಿಟ್ಟುಕೊಳ್ಳಿ. ಎಲ್ಲವೂ ಜಿ41 ಬೋರ್ಡಿನವು, ಎರಡೆರಡು ಸ್ಲಾಟು, ಒಂದೊಂದರಲ್ಲಿ 2 ಜಿಬಿ ಡಿಡಿಆರ್3. ಮಕ್ಕಳು ಒಂದು ಪಾಠದ ವಿಡಿಯೋ ಹಚ್ಚಿದರೆ ಅರ್ಧ ಪಿರಿಯಡ್ ಅದು ತೆರೆಯುವುದರಲ್ಲೇ ಮುಗಿಯುತ್ತದೆ. ಹಳೆಯ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ಹಣ ಕೂಡಿಸಿಕೊಟ್ಟಿದ್ದಾರೆ. ಮೇಷ್ಟ್ರು ತಾಲ್ಲೂಕು ಕೇಂದ್ರಕ್ಕೆ ಹೋಗಿ, ‘ಗರಿಷ್ಠ 8 ಜಿಬಿ’ ಎಂದು ಓದಿದ್ದರಿಂದ, ಎಂಟು ಹೊಸ 4 ಜಿಬಿ ಪಟ್ಟಿ ತಂದರು ಎನ್ನೋಣ. ಹಾಕಿದರೆ ಯಂತ್ರ ಏಳುವುದೇ ಇಲ್ಲ, ಅಥವಾ ಅರ್ಧವನ್ನಷ್ಟೇ ತೋರಿಸುತ್ತದೆ. ಪಟ್ಟಿ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ. ಹಾಗಾದರೆ ಏನಾಯಿತು?

4 ಜಿಬಿ ಪಟ್ಟಿಯನ್ನು ಎರಡು ರೀತಿ ಕಟ್ಟಬಹುದು. 256 ಮೆಗಾಬೈಟಿನ ಹದಿನಾರು ಚಿಪ್ಪುಗಳನ್ನು, ಒಂದು ಬದಿಗೆ ಎಂಟು, ಇನ್ನೊಂದು ಬದಿಗೆ ಎಂಟರಂತೆ ಕೂರಿಸುವುದು ಹಳೆಯ ರೀತಿ. 512 ಮೆಗಾಬೈಟಿನ ಎಂಟೇ ಚಿಪ್ಪುಗಳನ್ನು ಒಂದೇ ಬದಿಗೆ ಕೂರಿಸುವುದು ಹೊಸ ರೀತಿ. ಅಷ್ಟು ಒತ್ತಾದ ಚಿಪ್ಪಿನ ವಿಳಾಸ ಹುಡುಕುವ ವಿದ್ಯೆ 2008ರ ಜಿ41ಗೆ ಗೊತ್ತಿಲ್ಲ. ಅಂಚೆಯವನ ಬಳಿ ಇರುವ ಪಟ್ಟಿಯಲ್ಲಿ ಇಪ್ಪತ್ತು ಮನೆಯ ತನಕ ಮಾತ್ರ ಸಂಖ್ಯೆಯಿದ್ದು, ಬೀದಿಯಲ್ಲಿ ನಲವತ್ತು ಮನೆ ಕಟ್ಟಿದಂತೆ. ಚೀಟಿಯಲ್ಲಿ 2ಆರ್‌ಎಕ್ಸ್8 ಎಂದಿದ್ದರೆ ಎರಡು ಸಾಲು, ಹದಿನಾರು ಚಿಪ್ಪು; 1ಆರ್‌ಎಕ್ಸ್8 ಎಂದಿದ್ದರೆ ಒಂದೇ ಸಾಲು, ಎಂಟು ಚಿಪ್ಪು. ಈ ಶಾಲೆಗೆ ಬೇಕಾದುದು ಮೊದಲನೆಯದು. ಅಂಗಡಿಯಲ್ಲಿ ನಿಂತು ಪಟ್ಟಿಯನ್ನು ತಿರುಗಿಸಿ ಎರಡೂ ಬದಿಯ ಚಿಪ್ಪು ಎಣಿಸಿದರೆ ಮುಗಿಯಿತು. ಇದಕ್ಕೆ ಎಂಜಿನಿಯರೇ ಆಗಬೇಕಿಲ್ಲ.

ಇಂಥದೇ ತೊಡಕು ಮುಂದಿನ ತಲೆಮಾರಿನಲ್ಲೂ ಇದೆ. ಎಚ್61ರಂಥ ಬೋರ್ಡುಗಳು ಒಂದು ಸ್ಲಾಟಿಗೆ 8 ಜಿಬಿ ಒಪ್ಪುತ್ತವೆ; 16 ಜಿಬಿಯ ಒಂದೇ ಡಿಡಿಆರ್3 ಪಟ್ಟಿಯನ್ನು ಒಪ್ಪುವುದಿಲ್ಲ. 16 ಬೇಕೆಂದರೆ ಎಂಟು ಎಂಟರ ಎರಡು ಪಟ್ಟಿಯೇ ಆಗಬೇಕು.

ಶಾಲೆಯ ಲೆಕ್ಕಕ್ಕೆ ಮತ್ತೆ ಬರೋಣ. ನಾನಾಗಿದ್ದರೆ ಆ ಮೇಷ್ಟ್ರಿಗೆ ಹೀಗೆ ಹೇಳುತ್ತಿದ್ದೆ: ಮೊದಲು ಒಂದೇ ಪಟ್ಟಿ ತಂದು ಒಂದೇ ಯಂತ್ರದಲ್ಲಿ ಹಾಕಿ ವಾರವಿಡೀ ಓಡಿಸಿ ನೋಡಿ. ಸರಿಹೋದ ಮೇಲೆ ಅದೇ ಕಂಪನಿಯ ಅದೇ ಸಂಖ್ಯೆಯ ಉಳಿದವನ್ನು ತನ್ನಿ. ಎಂಟರಲ್ಲಿ ಎರಡು ಯಂತ್ರ ಬೇರೆ ಕಾರಣಕ್ಕೆ ಕೆಟ್ಟು ಮೂಲೆಯಲ್ಲಿ ಕೂತಿದ್ದರೆ ಅವುಗಳ 2 ಜಿಬಿ ಪಟ್ಟಿಗಳನ್ನು ಇನ್ನೆರಡಕ್ಕೆ ಹಾಕಿ. ಕಾಸು ಖರ್ಚಿಲ್ಲದೆ ಅವು 4 ಜಿಬಿ ಆಗುತ್ತವೆ. ಎಂಟನ್ನೂ 8 ಜಿಬಿಗೆ ಏರಿಸುವ ಹಟ ಬೇಡ. ನಾಲ್ಕಕ್ಕೆ ಏರಿಸಿ, ಮಿಕ್ಕ ಹಣದಲ್ಲಿ ಸಣ್ಣ ಎಸ್‌ಎಸ್‌ಡಿಗಳನ್ನು ಹಾಕಿಸಿದರೆ ಮಕ್ಕಳಿಗೆ ಕಾಣುವ ವ್ಯತ್ಯಾಸ ಹೆಚ್ಚು. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಯಂತ್ರಗಳನ್ನು ಒಪ್ಪುವುದಿಲ್ಲ; ಅದರ ಬೇಡಿಕೆ ಮೆಮೊರಿಯದಲ್ಲ, ಪ್ರೊಸೆಸರ್ ಮತ್ತು ಟಿಪಿಎಂ ಎಂಬ ರಕ್ಷಣಾ ಚಿಪ್ಪಿನದು. ಎಷ್ಟು ರ‍್ಯಾಮ್ ಹಾಕಿದರೂ ಆ ಬಾಗಿಲು ತೆರೆಯದು. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ 2 ಜಿಬಿಯಲ್ಲಿ ಏಳುತ್ತದೆ, 4 ಜಿಬಿಯಲ್ಲಿ ಆರಾಮವಾಗಿ ನಡೆಯುತ್ತದೆ. ಕನ್ನಡದ ಯೂನಿಕೋಡ್ ಅಕ್ಷರಗಳೂ ಅದರಲ್ಲಿ ಚೆನ್ನಾಗಿಯೇ ಮೂಡುತ್ತವೆ.

ಎರಡು ಸ್ಲಾಟಿದ್ದಾಗ ಒಂದು 8 ಜಿಬಿ ಒಳ್ಳೆಯದೋ, ನಾಲ್ಕರ ಎರಡು ಒಳ್ಳೆಯದೋ ಎಂದು ಕೇಳುವವರಿದ್ದಾರೆ. ಎರಡು ಸಮಾನ ಪಟ್ಟಿಗಳಿದ್ದರೆ ಪ್ರೊಸೆಸರ್ ಎರಡರಿಂದಲೂ ಏಕಕಾಲಕ್ಕೆ ಓದಬಲ್ಲದು. ಇದಕ್ಕೆ ಡ್ಯುಯಲ್ ಚಾನೆಲ್ ಎಂದು ಹೆಸರು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಚಿತ್ರದ ಕೆಲಸಕ್ಕೂ ಇದೇ ಮೆಮೊರಿ ಬಳಕೆಯಾಗುವುದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಜೋಡಿ ಯಾವುದು ಎಂದು ತಿಳಿಯಲೆಂದು ಬಣ್ಣ ಬಳಿದಿರುತ್ತಾರೆ. ಅಳತೆ ಬೇರೆಯಾದರೂ ಪ್ರಪಂಚ ಮುಳುಗುವುದಿಲ್ಲ. ಇಂಟೆಲ್ ಯಂತ್ರದಲ್ಲಿ 4 ಮತ್ತು 2 ಜಿಬಿ ಹಾಕಿದರೆ ಸಾಮಾನ್ಯವಾಗಿ ಎರಡೆರಡರ ಜೋಡಿ ಒಟ್ಟಿಗೆ ಓಡಿ, ಮಿಕ್ಕ 2 ಒಂಟಿಯಾಗಿ ಓಡುತ್ತದೆ. ಇರುವ ಪಟ್ಟಿಯನ್ನು ಬಿಸಾಡಿ ಜೋಡಿಯನ್ನೇ ಕೊಳ್ಳಬೇಕೆಂದು ಅಂಗಡಿಯವರು ಒತ್ತಾಯಿಸಿದರೆ ಎರಡು ಸಲ ಯೋಚಿಸಿ.

ಅಗ್ಗದ ಮಾಲಿನ ವಿಷಯದಲ್ಲಿ ಎರಡು ಎಚ್ಚರ ಹೇಳಬೇಕು. ಡಿಡಿಆರ್2 ಪಟ್ಟಿಗಳಲ್ಲಿ 4 ಜಿಬಿಯದು ಅಚ್ಚರಿಯ ಬೆಲೆಗೆ ಸಿಕ್ಕಿದರೆ ಅದು ಎಎಂಡಿ ಪ್ರೊಸೆಸರ್ ಇರುವ ಯಂತ್ರಗಳಿಗೆ ಮಾತ್ರ ಹೊಂದುವಂಥದ್ದೇ ಎಂದು ವಿಚಾರಿಸಿ. ಇಂಟೆಲ್ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ. ಇನ್ನೊಂದು, ಕಂಪನಿಗಳ ಸರ್ವರ್‌ಗಳಿಂದ ಬಿಚ್ಚಿ ತಂದ ಡಿಡಿಆರ್3 ಪಟ್ಟಿ. 8 ಜಿಬಿ, 16 ಜಿಬಿ ಬಹಳ ಕಡಿಮೆಗೆ ಸಿಗುತ್ತವೆ. ಒಂದು ಬದಿಯಲ್ಲಿ ಎಂಟರ ಬದಲು ಒಂಬತ್ತು ಚಿಪ್ಪು ಇರುತ್ತದೆ, ಒಂಬತ್ತನೆಯದು ತಪ್ಪು ತಿದ್ದುವುದಕ್ಕೆ. ನಡುವೆ ಇನ್ನೊಂದು ಬೇರೆ ಆಕಾರದ ಚಿಪ್ಪಿದ್ದು, ಚೀಟಿಯಲ್ಲಿ ಸಂಖ್ಯೆಯ ಕೊನೆಗೆ ಆರ್ ಎಂಬ ಅಕ್ಷರವಿದ್ದರೆ ಅದು ರಿಜಿಸ್ಟರ್ಡ್ ಮೆಮೊರಿ. ಮನೆಯ ಕಂಪ್ಯೂಟರಿಗೆ ಅದು ಹೊಂದುವುದಿಲ್ಲ.

ಬೆಂಗಳೂರಿನಲ್ಲಿರುವವರಿಗೆ ಎಸ್.ಪಿ. ರಸ್ತೆ ಉಂಟು. ಅಲ್ಲಿ ಹಳೆಯ ಡಿಡಿಆರ್2 ಕೂಡ ಬಳಸಿದ್ದು ಸಿಗಬಹುದು. ಬಳಸಿದ ಮೆಮೊರಿ ಎಂದೊಡನೆ ಮೂಗು ಮುರಿಯಬೇಕಿಲ್ಲ. ಇದರಲ್ಲಿ ತಿರುಗುವ, ಸವೆಯುವ ಭಾಗವಿಲ್ಲ. ಹತ್ತು ವರ್ಷ ಸರಿಯಾಗಿ ಓಡಿದ್ದು ಇನ್ನೈದು ವರ್ಷ ಓಡುವ ಸಾಧ್ಯತೆಯೇ ಹೆಚ್ಚು. ಆದರೆ ‘ನಡೆಯದಿದ್ದರೆ ವಾಪಸು’ ಎಂದು ಬಿಲ್ಲಿನ ಮೇಲೆ ದಿನಾಂಕ ಹಾಕಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಹೊಸದಾದರೆ ಹೆಸರಾಂತ ತಯಾರಕರ ಪಟ್ಟಿಗಳಿಗೆ ದೀರ್ಘಕಾಲದ ವಾರಂಟಿ ಇರುತ್ತದೆ. ಅದಕ್ಕೆ ಜಿಎಸ್‌ಟಿ ಬಿಲ್ಲು ಬೇಕು. ಚೀಟಿ ಒಂದು ಕಂಪನಿಯದು, ಒಳಗಿನ ಮಾಲು ಇನ್ನೊಂದರದು ಆಗಿರುವುದೂ ಉಂಟು. ಸಿಪಿಯು-ಜೆಡ್‌ನಲ್ಲಿ ಕಾಣುವ ವಿವರ ಚೀಟಿಗೆ ತಾಳೆಯಾಗುತ್ತದೆಯೇ ನೋಡಿ.

ಮೆಮೊರಿಯ ಬೆಲೆ ಈರುಳ್ಳಿಯ ಬೆಲೆಯ ಹಾಗೆ. 1993ರ ಜುಲೈನಲ್ಲಿ ಜಪಾನಿನ ನಿಇಹಾಮದಲ್ಲಿ, ಚಿಪ್ಪುಗಳ ಹೊದಿಕೆಗೆ ಬೇಕಾದ ರಾಳ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸ್ಫೋಟವಾದಾಗ ಕೆಲವೇ ವಾರಗಳಲ್ಲಿ ಜಗತ್ತಿನಾದ್ಯಂತ ಮೆಮೊರಿ ಬೆಲೆ ಜಿಗಿದಿತ್ತು. 2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿಯನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದಾಗ ಮತ್ತೆ ಹಾಗೆಯೇ ಆಯಿತು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ಪು ತಯಾರಿಸುವವರು ಮೂರೇ ಕಂಪನಿ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಅವರ ಕೈ ಬೇರೆ ಕಡೆ ತಿರುಗಿದರೆ ನಮ್ಮ ಪೇಟೆ ಬಿಸಿಯಾಗುತ್ತದೆ. ಆದ್ದರಿಂದ ಹೊರಡುವ ದಿನವೇ ಎರಡು ಮೂರು ಕಡೆ ಬೆಲೆ ವಿಚಾರಿಸಿ. ಹೋದ ವರ್ಷ ನೆರೆಯವರು ಕೊಟ್ಟ ಬೆಲೆಯನ್ನು ನೆಚ್ಚಬೇಡಿ.

ಕೂರಿಸುವ ಕೆಲಸ ಹತ್ತು ನಿಮಿಷದ್ದು. ಯಂತ್ರ ಆರಿಸಿ, ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಹೋಗಲಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ಬೇರ್ಪಡಿಸಿ. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಒಣಹವೆಯ ದಿನ ಪಾಲಿಯೆಸ್ಟರ್ ಬಟ್ಟೆಯಿಂದ ಚಟಪಟ ಸದ್ದು ಬರುತ್ತದಲ್ಲ, ಆ ಸ್ಥಾಯಿ ವಿದ್ಯುತ್ತು ನಮಗೆ ತಿಳಿಯದಷ್ಟು ಸಣ್ಣದಿದ್ದರೂ ಚಿಪ್ಪಿಗೆ ಸಿಡಿಲು. ಪಟ್ಟಿಯ ಅಂಚನ್ನು ಮಾತ್ರ ಹಿಡಿಯಿರಿ. ಡೆಸ್ಕ್‌ಟಾಪಿನಲ್ಲಿ ಸ್ಲಾಟಿನ ತುದಿಯ ಚಿಲಕ ತೆರೆದು, ಕಚ್ಚನ್ನು ಹೊಂದಿಸಿ, ಎರಡು ತುದಿಯನ್ನೂ ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಚಿಲಕ ತಾನಾಗಿ ಟಕ್ಕೆಂದು ಮುಚ್ಚಬೇಕು. ಲ್ಯಾಪ್‌ಟಾಪಿನಲ್ಲಿ ಓರೆಯಾಗಿ ತೂರಿಸಿ ಕೆಳಕ್ಕೆ ಮಲಗಿಸಬೇಕು.

ಆನ್ ಮಾಡಿದಾಗ ಪರದೆ ಕಪ್ಪಾಗಿದ್ದು ಬೀಪ್ ಬೀಪ್ ಎಂದು ಕೂಗಿಕೊಂಡರೆ ಗಾಬರಿಪಡಬೇಡಿ. ಬಹಳ ಸಲ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ. ಪ್ಲಗ್ ಕಿತ್ತು, ತೆಗೆದು, ಹಲ್ಲುಗಳ ಮೇಲೆ ಮೆತ್ತನೆಯ ರಬ್ಬರನ್ನು ಹಗುರವಾಗಿ ಎಳೆದು, ಪುಡಿ ಊದಿ ಮತ್ತೆ ಕೂರಿಸಿ. ಕೆಲವು ಕಂಪನಿಯ ಯಂತ್ರಗಳು ‘ಮೆಮೊರಿಯ ಅಳತೆ ಬದಲಾಗಿದೆ’ ಎಂದು ಒಮ್ಮೆ ಕೇಳಿ ಮುಂದೆ ಸಾಗುತ್ತವೆ. ಅದಾದ ಮೇಲೆ ಆ ರಾತ್ರಿ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದ ಯಂತ್ರ ಏಳಿಸಿ, ಬೆಳಗಿನವರೆಗೆ ಓಡಲು ಬಿಡಿ. ಅದು ಪ್ರತಿಯೊಂದು ಕೋಶಕ್ಕೂ ಬರೆದು ಓದಿ ನೋಡುತ್ತದೆ. ಒಂದೇ ಒಂದು ತಪ್ಪು ತೋರಿಸಿದರೂ ಪಟ್ಟಿಯನ್ನು ಮರುದಿನವೇ ಅಂಗಡಿಗೆ ಒಯ್ಯಿರಿ. ‘ಒಂದೇ ತಾನೇ, ಪರವಾಗಿಲ್ಲ’ ಎಂಬ ಉತ್ತರವನ್ನು ಒಪ್ಪಬೇಡಿ. ಆ ಒಂದು ಕೋಶಕ್ಕೆ ನಿಮ್ಮ ಮಗಳ ಪ್ರಾಜೆಕ್ಟ್ ವರದಿಯ ಒಂದು ಪುಟವೋ ಅಂಗಡಿಯ ಲೆಕ್ಕದ ಒಂದು ಅಂಕಿಯೋ ಬಂದು ಬೀಳಬಹುದು. ಕೆಟ್ಟದ್ದು ಕೆಟ್ಟ ಹಾಗೆಯೇ ಡಿಸ್ಕಿಗೆ ಹೋಗಿ ಕೂರುತ್ತದೆ.

ತೆಗೆದಿಟ್ಟ ಹಳೆಯ ಪಟ್ಟಿಯನ್ನು ಹೊಸದು ಬಂದ ಬೆಳ್ಳಿ ಬಣ್ಣದ ಚೀಲದಲ್ಲೇ ಇಡಿ, ಸಾದಾ ಪ್ಲಾಸ್ಟಿಕ್ ಚೀಲ ಬೇಡ. ಅದೇ ತಲೆಮಾರಿನ ಯಂತ್ರ ಇಟ್ಟುಕೊಂಡ ನೆಂಟರಿಷ್ಟರು ಯಾರಾದರೂ ಇದ್ದೇ ಇರುತ್ತಾರೆ. ಕೆಟ್ಟಿದ್ದರೆ ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಅದನ್ನು ಸಂಸ್ಕರಿಸಲು ನೋಂದಾಯಿತ ಘಟಕಗಳಿವೆ. ಹೊಸ ಪಟ್ಟಿಯ ಬಿಲ್ಲನ್ನೂ ಮೇಲಿನ ರಟ್ಟನ್ನೂ ಜೋಪಾನವಾಗಿಡಿ. ವಾರಂಟಿಗೆಂದು ಹೋದಾಗ ಅವರು ಮೊದಲು ಕೇಳುವುದು ಅವೆರಡನ್ನೇ.